ಒಂದೇ ಹಗ್ಗ, ಎರಡು ಬಂಡಿ

ವಾಲ್ಪರೈಸೊದ ಭಾನುವಾರದ ಸಂತೆಯಲ್ಲಿ
ತುಕ್ಕು ಹಿಡಿದ ಇಸ್ತ್ರಿಪೆಟ್ಟಿಗೆ, ಒಂಟಿ ಬೂಟುಗಳ ನಡುವೆ
ಮುಖ ಮುಚ್ಚಿ ಕೂತಿತ್ತು ಈ ಲ್ಯಾಪ್‌ಟಾಪು.
"ಜೀವ ಇದೆಯೇನಪ್ಪಾ?" ಅಂದೆ.
"ಫ್ಯಾನು ತಿರುಗುತ್ತದೆ. ಉಳಿದದ್ದು ನಿಮ್ಮ ಪುಣ್ಯ."
ಎರಡು ಮೀನಿನ ಬೆಲೆ ಕೊಟ್ಟು ತಂದೆ.

ಮೂವತ್ತೊಂದು ವರ್ಷ ಗುಡ್ಡದ ಬಂಡಿಯ ಬ್ರೇಕು ಹಿಡಿದವನು ನಾನು.
ಕೆಳಗೆ ಬಂದರು, ಮೇಲೆ ತಗಡಿನ ಮನೆಗಳು, ನಡುವೆ ಕಡಿದಾದ ಹಳಿ.
ಈಗ ಕೈಗೆ ಕೆಲಸವಿಲ್ಲ. ಕೈ ಅದನ್ನು ಒಪ್ಪುವುದಿಲ್ಲ.

ಮೊದಲು, ಅದರೊಳಗೇ ಇದ್ದ ವಿಂಡೋಸ್.
ಹೊಸ್ತಿಲಲ್ಲೇ ತಡೆದು ಹೆಸರೇನು, ಇಮೇಲ್ ಯಾವುದು,
ಫೋನ್ ನಂಬರು ಕೊಡಿ ಅಂದಿತು.
ನನ್ನ ಮನೆಗೆ ನಾನೇ ನೆಂಟ.
ಆಮೇಲೆ ಅಪ್‌ಡೇಟು, ಅಪ್‌ಡೇಟಿಗೊಂದು ಅಪ್‌ಡೇಟು.
ಒಲೆಯ ಮೇಲಿನ ಬೀನ್ಸ್ ಬೆಂದು, ಉಂಡು, ತಟ್ಟೆ ತೊಳೆದರೂ
ಚುಕ್ಕಿಗಳು ಸುತ್ತುತ್ತಲೇ ಇದ್ದವು.

ಅಳಿಸಿದೆ.

ಅಲ್ಲಿಂದ ಶುರು ನನ್ನ ಸುಖ.
ಪೆನ್‌ಡ್ರೈವುಗಳಿಗೆ ಗುರುತಿಗೆಂದು ದಾರ ಕಟ್ಟಿದೆ:
ಉಬುಂಟುಗೆ ಕೆಂಪು, ಮಿಂಟ್‌ಗೆ ಹಸಿರು,
ದಾರ ಮುಗಿದು ಡೆಬಿಯನ್‌ಗೆ ಷೂ ಲೇಸು.
ಆರ್ಚ್‌ಗೆ ಏನೂ ಕಟ್ಟಲಿಲ್ಲ. ಅದು ಹೇಗೂ ಗೊತ್ತಾಗುತ್ತದೆ:
ಕಪ್ಪು ಪರದೆ, ಮಿಟುಕುವ ಒಂದು ಗೆರೆ,
"ಹೂಂ, ಹೇಳು" ಎನ್ನುವ ಹಾಗೆ.

ಒಂದರಲ್ಲಿ ಕಿಟಕಿಗಳು ಅಲೆಯಂತೆ ಬಳುಕಿದವು;
ಎರಡು ಜಿ.ಬಿ.ಯ ಈ ಬಡಜೀವ ಮೆಟ್ಟಿಲು ಹತ್ತಿದ ಮುದುಕನಂತೆ
ಏದುಸಿರು ಬಿಟ್ಟಿತು.
ಒಂದರಲ್ಲಿ ಎಲ್ಲ ಸರಿ, ಸದ್ದಿಲ್ಲ.
ಇನ್ನೊಂದರಲ್ಲಿ ಸದ್ದಿದೆ, ವೈಫೈ ಇಲ್ಲ.
ವೈಫೈ ಏಳಲು ಡ್ರೈವರ್ ಬೇಕು, ಡ್ರೈವರ್ ತರಲು ವೈಫೈ ಬೇಕು.
ಹುಚ್ಚು ಬಿಡದೆ ಮದುವೆಯಾಗದು,
ಮದುವೆಯಾಗದೆ ಹುಚ್ಚು ಬಿಡದು.

ರಾತ್ರಿ ಮೂರಕ್ಕೆ, ಮಂಜಿನೊಳಗೆ ಯಾವುದೋ ಹಡಗು ಕೂಗಿದಾಗ
ಕೊನೆಯ ಸಾಲು ಬರೆದು ಎಂಟರ್ ಒತ್ತಿದೆ.
ಪರದೆಯ ಮೂಲೆಯಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಂಡಿತು ಆ ಚಿಹ್ನೆ.
ಹೇಳಲು ಯಾರೂ ಎದ್ದಿರಲಿಲ್ಲ.
ಬೆಕ್ಕಿಗೆ ಹೇಳಿದೆ.

ನಿಜ ಹೇಳಿಬಿಡುತ್ತೇನೆ:
ಎಲ್ಲ ಸರಿಹೋದ ಮರುದಿನವೇ ನನಗೆ ಬೇಸರ.
ಕೆಡದೆ ಓಡುವ ಯಂತ್ರದ ಮುಂದೆ ಕೂತು ಮಾಡುವುದೇನು?
ಪೇಪರು ಓದಿದೆ. ಹವಾಮಾನ ನೋಡಿದೆ,
ಅದು ಕಿಟಕಿಯಾಚೆಯೇ ಇತ್ತು.
ಸಂಜೆಗೆ ಎಲ್ಲ ಅಳಿಸಿ, ಮತ್ತೆ ಹಸಿರು ದಾರ.

ಆಗ ಬಂದಳು ತಂಗಿ ಎಡೆಲ್ಮಿರಾ,
ತುಟಿಯಲ್ಲಿ ಗುಂಡುಸೂಜಿ, ಕೊರಳಲ್ಲಿ ಟೇಪು:
"ಲಂಗದ ನಕ್ಷೆ ಪ್ರಿಂಟಾಗಬೇಕು, ನಾಳೆಗೇ.
ಹತ್ತು ಸೆಂಟಿಮೀಟರೆಂದರೆ ಹತ್ತೇ ಬರಬೇಕು.
ಯಾವುದರಲ್ಲಿ ಬರುತ್ತದೋ ಅದು ಒಳ್ಳೆಯದು.
ಉಳಿದದ್ದು ನಿನ್ನ ಹುಡುಗಾಟ."

ಕೆಂಪು, ಒಂಬತ್ತೂವರೆ ಕೊಟ್ಟಿತು.
ಹಸಿರಿಗೆ ಪ್ರಿಂಟರೇ ಕಾಣಲಿಲ್ಲ.
ಷೂ ಲೇಸಿನದು, ಎಲ್ಲಕ್ಕಿಂತ ಸಪ್ಪೆ ಮೋರೆಯದು,
ಕಣ್ಣೂ ಮಿಟುಕಿಸದೆ ಹಾಳೆ ಹೊರಗೆ ಹಾಕಿತು.
ಅವಳು ಟೇಪು ಹಿಡಿದಳು. ಹತ್ತು.
ಹೊಗಳಲಿಲ್ಲ. ಹಾಳೆ ಮಡಿಸಿಕೊಂಡು ಹೋದಳು.

ನಮ್ಮ ಗುಡ್ಡದ ಬಂಡಿ ಒಂಟಿಯಲ್ಲ, ಎರಡು,
ಒಂದೇ ಹಗ್ಗದ ಎರಡು ತುದಿಗೆ.
ಇಳಿಯುವುದರ ಭಾರಕ್ಕೆ ಏರುವುದು ಏರುತ್ತದೆ.
ಯಂತ್ರಮನೆಯ ಕಿಟಕಿಯಿಂದ ನೋಡುತ್ತಿದ್ದೆ:
ನಡುದಾರಿಯಲ್ಲಿ ಎರಡೂ ಎದುರಾದಾಗ
ಒಂದು ಗಳಿಗೆ, ಯಾವುದು ಮೇಲಿನದು
ಯಾವುದು ಕೆಳಗಿನದು, ನನಗೂ ತಿಳಿಯುತ್ತಿರಲಿಲ್ಲ.

ಡಿಸ್ಕನ್ನು ಎರಡು ಪಾಲು ಮಾಡಿದೆ.
ಅವಳದರಲ್ಲಿ ಡೆಬಿಯನ್, ಮುಟ್ಟುವುದಿಲ್ಲವೆಂದು ಆಣೆ.
ನನ್ನದರಲ್ಲಿ ಈ ವಾರ ಏನಿದೆ ಎಂದು ಕೇಳಬೇಡಿ.
ಸ್ವಿಚ್ಚು ಒತ್ತಿದರೆ ಎರಡೂ ಹೆಸರು ಒಂದರ ಕೆಳಗೊಂದು ಮೂಡಿ
ಯಂತ್ರ ಹತ್ತು ಸೆಕೆಂಡು ಕಾಯುತ್ತದೆ.
ಒಂಬತ್ತು. ಎಂಟು.
ಒಮ್ಮೊಮ್ಮೆ ಬ್ರೇಕಿನ ಮೇಲಿಟ್ಟಂತೆ ಕೈ ಇಟ್ಟು
ಏನೂ ಒತ್ತದೆ, ಎಣಿಕೆ ಮುಗಿಯಲು ಬಿಡುತ್ತೇನೆ.
ಆಗ ತಾನಾಗಿ ಏಳುವುದು ಅವಳದು.
ಹಾಗೇ ಇರಲಿ ಎಂದು ನಾನೇ ಇಟ್ಟದ್ದು.